ಉತ್ಪಾದನೆ ಇಳಿದಿದೆ, ಪಿಎಂಐ ಏರಿದೆ: ಎರಡೂ ನಿಜವಾಗುವುದು ಹೇಗೆ?

ಪ್ರಶ್ನೆ: ದೊಡ್ಡ ಕಾರ್ಖಾನೆಗಳಿಗೆ ಲೋಹದ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕವೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಷ್ಟು ಕಚ್ಚಾ ಮಾಲು ತರಿಸಬೇಕು ಎಂದು ತೀರ್ಮಾನಿಸುವ ಮುಂಚೆ ಪತ್ರಿಕೆಯಲ್ಲಿ ಬರುವ ಅಂಕಿಗಳನ್ನು ನೋಡುವುದು ರೂಢಿ. ಈಚೆಗೆ ಒಂದು ವರದಿ 'ಪಿಎಂಐ 53, ತಯಾರಿಕೆ ಬೆಳೆದಿದೆ' ಎಂದಿತು. ಕೆಲವು ವಾರ ಕಳೆದು, ಅದೇ ತಿಂಗಳ ಬಗ್ಗೆ ಇನ್ನೊಂದು ವರದಿ 'ಕೈಗಾರಿಕಾ ಉತ್ಪಾದನೆ ಹಿಂದಿನ ತಿಂಗಳಿಗಿಂತ ಶೇ 0.6 ಕಡಿಮೆ' ಎಂದಿತು. ಅದರ ಮುಂದಿನ ತಿಂಗಳು ನೋಡಿದರೆ ಆ 0.6 ಸದ್ದಿಲ್ಲದೆ 0.1 ಆಗಿತ್ತು. ಇದರಲ್ಲಿ ಸುಳ್ಳು ಯಾವುದು? ಒಂದು ದೇಶದಲ್ಲಿ ಒಂದು ತಿಂಗಳಲ್ಲಿ ಎಷ್ಟು ತಯಾರಾಯಿತು ಅಂತ ಯಾರಾದರೂ ನಿಜವಾಗಿ ಎಣಿಸುತ್ತಾರಾ? ನನ್ನಂಥವರು ಯಾವುದನ್ನು ನಂಬಬೇಕು?

ಉತ್ತರ: ಮೂರು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಅವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ವರದಿಯಲ್ಲಿ ಉತ್ತರ ಮಾತ್ರ ಅಚ್ಚಾಗುತ್ತದೆ, ಪ್ರಶ್ನೆ ಬಿಟ್ಟುಹೋಗುತ್ತದೆ. ಗೊಂದಲ ಹುಟ್ಟುವುದು ಅಲ್ಲಿ.

ಕೈಗಾರಿಕಾ ಉತ್ಪಾದನಾ ಸೂಚ್ಯಂಕ ಕೇಳುವುದು 'ಎಷ್ಟು?' ಅಂತ. ಪಿಎಂಐ, ಅಂದರೆ ಕಂಪನಿಗಳ ಖರೀದಿ ವಿಭಾಗದವರನ್ನು ಪ್ರತಿ ತಿಂಗಳು ಕೇಳಿ ಮಾಡುವ ಸೂಚ್ಯಂಕ, ಕೇಳುವುದು 'ಎಷ್ಟು ಮಂದಿಗೆ ಹೆಚ್ಚಾಯಿತು?' ಅಂತ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಅರ್ಧ ಗೊಂದಲ ಕರಗುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಒಂದು ದೇಶದಲ್ಲಿ ಹತ್ತೇ ಕಾರ್ಖಾನೆ ಇವೆ ಎಂದುಕೊಳ್ಳಿ. ಅದರಲ್ಲಿ ಒಂದು ಬಹಳ ದೊಡ್ಡದು. ದೇಶದ ಅರ್ಧ ಉತ್ಪಾದನೆ ಅದರದ್ದೇ. ಉಳಿದ ಅರ್ಧವನ್ನು ಒಂಬತ್ತು ಸಣ್ಣ ಕಾರ್ಖಾನೆಗಳು ಸಮನಾಗಿ ಹಂಚಿಕೊಂಡಿವೆ. ಈ ತಿಂಗಳು ಆರು ಸಣ್ಣ ಕಾರ್ಖಾನೆಗಳ ಉತ್ಪಾದನೆ ಶೇ 1ರಷ್ಟು ಏರಿತು. ಮೂರರದ್ದು ಇದ್ದ ಹಾಗೇ ಇತ್ತು. ದೊಡ್ಡದರಲ್ಲಿ ಯಂತ್ರ ಕೆಟ್ಟು ಶೇ 5ರಷ್ಟು ಇಳಿಯಿತು. ಈಗ ಪಿಎಂಐ ಮಾದರಿಯಲ್ಲಿ ಲೆಕ್ಕ ಹಾಕಿ. 'ಏರಿದೆ' ಎಂದವರು ಶೇ 60. 'ಹಾಗೇ ಇದೆ' ಎಂದವರು ಶೇ 30, ಅವರ ಅರ್ಧ ಅಂದರೆ 15. ಕೂಡಿದರೆ 75. 50ರ ಮೇಲೆ ಹೋದರೆ ಬೆಳವಣಿಗೆ ಎಂದು ಲೆಕ್ಕ, ಹಾಗಾಗಿ ಇದು ಭರ್ಜರಿ ಬೆಳವಣಿಗೆ! ಇನ್ನು ಉತ್ಪಾದನೆಯ ಲೆಕ್ಕ: ದೊಡ್ಡ ಕಾರ್ಖಾನೆಯಿಂದ ಶೇ 2.5 ಇಳಿಕೆ, ಆರು ಸಣ್ಣವುಗಳಿಂದ ಸುಮಾರು ಶೇ 0.3 ಏರಿಕೆ. ಒಟ್ಟು ಶೇ 2.2ರಷ್ಟು ಕುಸಿತ. ಕಾರ್ಖಾನೆಗಳು ಅವೇ, ತಿಂಗಳೂ ಅದೇ. ಎರಡೂ ಉತ್ತರ ಸರಿ.

ನಿಜವಾದ ಸಮೀಕ್ಷೆಗಳು ಇಷ್ಟು ಒರಟಾಗಿರುವುದಿಲ್ಲ. ಯಾವ ಉದ್ಯಮದಿಂದ ಎಷ್ಟು ಕಂಪನಿ, ಎಷ್ಟು ಗಾತ್ರದವು ಎಂದು ನೋಡಿಯೇ ಆರಿಸುತ್ತಾರೆ. ಆದರೂ ಪಿಎಂಐ ಪ್ರಶ್ನಾವಳಿಯಲ್ಲಿ 'ಎಷ್ಟು ಶೇಕಡಾ ಏರಿತು' ಎಂಬ ಪ್ರಶ್ನೆಯೇ ಇಲ್ಲ. ಹೆಚ್ಚಾಯಿತೋ, ಕಡಿಮೆಯಾಯಿತೋ, ಹಾಗೇ ಇದೆಯೋ, ಇಷ್ಟೇ. ಶೇ 1 ಏರಿದವರೂ ಶೇ 40 ಏರಿದವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹಾಗಾದರೆ ಪಿಎಂಐ ಯಾಕೆ ಬೇಕು ಅನ್ನಿಸಬಹುದು. ಬೇಕು, ಅದಕ್ಕೆ ಒಳ್ಳೆಯ ಕಾರಣಗಳಿವೆ. ಆದರೆ ಮೊದಲು ನಿಮ್ಮ ಇನ್ನೊಂದು ಪ್ರಶ್ನೆಗೆ ಬರುತ್ತೇನೆ: ಯಾರಾದರೂ ನಿಜವಾಗಿ ಎಣಿಸುತ್ತಾರಾ? ನನಗೆ ಇಷ್ಟವಾದ ಪ್ರಶ್ನೆ ಇದು.

ಎಣಿಸುತ್ತಾರೆ, ಸಾಧ್ಯವಾದ ಕಡೆ. ಸಿಮೆಂಟ್ ಇಷ್ಟು ಟನ್, ವಿದ್ಯುತ್ ಇಷ್ಟು ಯೂನಿಟ್, ಕಾರು ಇಷ್ಟು, ಕಲ್ಲಿದ್ದಲು ಇಷ್ಟು. ಇವು ಸುಲಭ. ಗಣಿ, ತಯಾರಿಕೆ, ವಿದ್ಯುತ್ ಮತ್ತು ಅನಿಲ ಪೂರೈಕೆ, ಈ ಮೂರು ಹೆಚ್ಚೂಕಮ್ಮಿ ಎಲ್ಲ ದೇಶಗಳ ಕೈಗಾರಿಕಾ ಸೂಚ್ಯಂಕದಲ್ಲೂ ಇರುತ್ತವೆ. ಸೇವೆಗಳು ಇರುವುದಿಲ್ಲ, ಕೃಷಿ ಇರುವುದಿಲ್ಲ. ವಿಶ್ವಸಂಸ್ಥೆ 2010ರಲ್ಲಿ ಇದಕ್ಕೆಂದೇ ಅಂತರರಾಷ್ಟ್ರೀಯ ಶಿಫಾರಸುಗಳನ್ನು ಹೊರಡಿಸಿತು. ಹಾಗಾಗಿ ಲೆಕ್ಕದ ಚೌಕಟ್ಟು ದೇಶದಿಂದ ದೇಶಕ್ಕೆ ತೀರಾ ಬೇರೆಯಾಗಿರುವುದಿಲ್ಲ.

ಕಷ್ಟ ಶುರುವಾಗುವುದು ಟನ್ನಿನಲ್ಲಿ ಅಳೆಯಲಾಗದ ವಸ್ತುಗಳಿಂದ. ಒಂದು ಔಷಧ ಕಾರ್ಖಾನೆ ನೂರಾರು ಬಗೆಯ ಮಾತ್ರೆ ಮಾಡುತ್ತದೆ. ಅವನ್ನೆಲ್ಲ ಕಿಲೋ ಲೆಕ್ಕದಲ್ಲಿ ಕೂಡಿದರೆ ಏನೂ ಅರ್ಥವಿಲ್ಲ. ಅಲ್ಲಿ ಮಾರಾಟದ ಮೌಲ್ಯ ತೆಗೆದುಕೊಂಡು, ಬೆಲೆ ಏರಿಕೆಯನ್ನು ಅದರಿಂದ ಕಳೆಯುತ್ತಾರೆ. ಮೌಲ್ಯ ಶೇ 8 ಏರಿದೆ, ಬೆಲೆ ಶೇ 6 ಏರಿದೆ ಎಂದರೆ ನಿಜವಾದ ಉತ್ಪಾದನೆ ಏರಿದ್ದು ಶೇ 2ಕ್ಕೂ ಸ್ವಲ್ಪ ಕಡಿಮೆ. ಈ ಲೆಕ್ಕಕ್ಕೆ ಬೆಲೆ ಸೂಚ್ಯಂಕ ಸರಿಯಾಗಿರಬೇಕು. ಅದು ತಪ್ಪಿದರೆ ಉತ್ಪಾದನೆಯೂ ತಪ್ಪುತ್ತದೆ.

ಇನ್ನು ಹಡಗು, ವಿಮಾನದಂಥವು. ಒಂದು ಹಡಗು ಕಟ್ಟಲು ವರ್ಷಗಟ್ಟಲೆ ಹಿಡಿಯುತ್ತದೆ. ಅದು ನೀರಿಗೆ ಇಳಿದ ತಿಂಗಳು ಪೂರ್ತಿ ಲೆಕ್ಕ ಹಾಕಿದರೆ ಆ ತಿಂಗಳು ಉತ್ಪಾದನೆ ಆಕಾಶಕ್ಕೆ ಹಾರಿ, ಮುಂದಿನ ತಿಂಗಳು ನೆಲಕ್ಕೆ ಬೀಳುತ್ತದೆ. ಆದರೆ ಕೆಲಸ ಪ್ರತಿ ತಿಂಗಳೂ ನಡೆದಿತ್ತು, ಅಲ್ವಾ? ಅದಕ್ಕೇ ಇಂಥ ಕಡೆ ಕೆಲಸಗಾರರು ದುಡಿದ ಗಂಟೆಗಳನ್ನು ಅಳತೆಗೋಲಾಗಿ ಬಳಸುತ್ತಾರೆ. ಅಮೆರಿಕದ ಕೈಗಾರಿಕಾ ಸೂಚ್ಯಂಕವನ್ನು ಲೆಕ್ಕ ಹಾಕುವುದು ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್. 1919ರಿಂದಲೂ ಅದರ ಸರಣಿ ಸಿಗುತ್ತದೆ. ಅವರೂ ಕೆಲವು ಉದ್ಯಮಗಳಿಗೆ ವಸ್ತುಗಳ ಎಣಿಕೆ ಬಳಸುತ್ತಾರೆ, ಮತ್ತೆ ಕೆಲವಕ್ಕೆ ದುಡಿಮೆಯ ಗಂಟೆಗಳಿಂದ ಅಂದಾಜು ಮಾಡುತ್ತಾರೆ.

ಬಂದ ಅಂಕಿಗಳನ್ನೆಲ್ಲ ಒಂದಾಗಿ ಕೂಡಿಸಬೇಕು. ಟನ್, ಯೂನಿಟ್, ಗಂಟೆ ಎಲ್ಲ ಹೇಗೆ ಕೂಡುತ್ತವೆ? ಪ್ರತಿ ಉದ್ಯಮಕ್ಕೂ ಒಂದು ತೂಕ ಕೊಡುತ್ತಾರೆ. ಆ ಉದ್ಯಮ ಎಷ್ಟು ಮೌಲ್ಯ ಸೇರಿಸುತ್ತದೆ ಎಂಬುದರ ಮೇಲೆ ತೂಕ ನಿಲ್ಲುತ್ತದೆ. ಒಟ್ಟು ಮಾರಾಟ ನೋಡುವುದಿಲ್ಲ, ಸೇರಿಸಿದ ಮೌಲ್ಯ ನೋಡುತ್ತಾರೆ. ಇಲ್ಲದಿದ್ದರೆ ಉಕ್ಕು ಮೊದಲು ಉಕ್ಕಿನ ಕಾರ್ಖಾನೆಯಲ್ಲಿ ಒಮ್ಮೆ, ನಿಮ್ಮ ಬಿಡಿಭಾಗದಲ್ಲಿ ಒಮ್ಮೆ, ಕಾರಿನಲ್ಲಿ ಇನ್ನೊಮ್ಮೆ ಎಣಿಕೆಗೆ ಬಂದುಬಿಡುತ್ತದೆ. ಭಾರತದ 2011-12 ಮೂಲ ವರ್ಷದ (ಹೋಲಿಕೆಗೆ 100 ಎಂದು ಹಿಡಿದ ವರ್ಷದ) ಸರಣಿಯಲ್ಲಿ ತಯಾರಿಕೆಗೆ 77.63, ಗಣಿಗೆ 14.37, ವಿದ್ಯುತ್ತಿಗೆ 7.99 ತೂಕ ಇತ್ತು. ಅಮೆರಿಕದಲ್ಲೂ ಸುಮಾರು ಮುಕ್ಕಾಲು ಪಾಲು ತಯಾರಿಕೆಯದ್ದೇ.

ತೂಕಗಳು ಹಳೆಯದಾಗುತ್ತವೆ. ಜನ ಕೊಳ್ಳದ ವಸ್ತುಗಳು ಪಟ್ಟಿಯಲ್ಲಿ ಉಳಿದು, ಹೊಸ ವಸ್ತುಗಳು ಹೊರಗೇ ನಿಲ್ಲುತ್ತವೆ. ಹತ್ತು ವರ್ಷ ಒಂದೇ ಪಟ್ಟಿ ಹಿಡಿದು ಕೂತರೆ ಸೂಚ್ಯಂಕ ಇವತ್ತಿನ ದೇಶವನ್ನು ಅಳೆಯುವುದಿಲ್ಲ, ಹತ್ತು ವರ್ಷದ ಹಿಂದಿನ ದೇಶವನ್ನು ಅಳೆಯುತ್ತದೆ. ಮೂಲ ವರ್ಷ ಬದಲಿಸುವುದನ್ನು ಮುಂದೂಡುತ್ತಾ ಹೋಗುವುದು ನನ್ನ ಪ್ರಕಾರ ಅಂಕಿ ಅಂಶ ಇಲಾಖೆಗಳು ಮಾಡುವ ಬಹಳ ದುಬಾರಿ ತಪ್ಪು.

ಈಗ ಋತುಮಾನದ ವಿಷಯ. ತಿಂಗಳಿಂದ ತಿಂಗಳಿಗೆ ಹೋಲಿಸುವುದರ ಹೃದಯವೇ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಫೆಬ್ರವರಿಯಲ್ಲಿ 28 ದಿನ, ಮಾರ್ಚಿನಲ್ಲಿ 31. ಕಾರ್ಖಾನೆ ದಿನಕ್ಕೆ ಮಾಡುವುದು ಅಷ್ಟೇ ಇದ್ದರೂ ಮಾರ್ಚಿನ ಉತ್ಪಾದನೆ ಸುಮಾರು ಶೇ 10.7 ಜಾಸ್ತಿ ಕಾಣುತ್ತದೆ. ಅದು ಬೆಳವಣಿಗೆ ಅಲ್ಲ, ಕ್ಯಾಲೆಂಡರ್. ಇದರ ಜೊತೆ ವಾರಾಂತ್ಯಗಳು, ರಜೆಗಳು, ಬೇಸಿಗೆ, ಚಳಿ, ಮಳೆ, ವರ್ಷಾಂತ್ಯದ ಆರ್ಡರ್‌ಗಳು. ಪ್ರತಿ ವರ್ಷ ಇದೇ ತಿಂಗಳಲ್ಲಿ ಆಗುವಂಥದ್ದು ಯಾವುದು, ಈ ವರ್ಷ ಮಾತ್ರ ಆದದ್ದು ಯಾವುದು ಎಂದು ಬೇರ್ಪಡಿಸಬೇಕು. ಆ ಕೆಲಸಕ್ಕೆ ಋತುಮಾನ ಹೊಂದಾಣಿಕೆ ಎನ್ನುತ್ತಾರೆ. ಅಮೆರಿಕದ ಜನಗಣತಿ ಬ್ಯೂರೊ 1965ರಲ್ಲಿ ಎಕ್ಸ್-11 ಎಂಬ ವಿಧಾನ ತಂದಿತು. ಅದರ ಇಂದಿನ ರೂಪ ಎಕ್ಸ್-13 ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಹಿಂದಿನ ವರ್ಷಗಳ ಏರಿಳಿತ ನೋಡಿ, ಪ್ರತಿ ತಿಂಗಳಿಗೂ ಒಂದು ಗುಣಕ ಲೆಕ್ಕ ಹಾಕಿ, ಆ ಗುಣಕದಿಂದ ಅಂಕಿಯನ್ನು ಸಮ ಮಾಡುತ್ತಾರೆ.

ಇದು ಚೆನ್ನಾಗಿ ಕೆಲಸ ಮಾಡುವುದು ರಜೆಗಳು ಪ್ರತಿ ವರ್ಷ ಒಂದೇ ಜಾಗದಲ್ಲಿ ಬಂದಾಗ. ಅವು ಸರಿದಾಡಿದರೆ ತೊಂದರೆ. ಚೀನಾದ ಚಾಂದ್ರಮಾನ ಹೊಸ ವರ್ಷ ಒಮ್ಮೆ ಜನವರಿಯಲ್ಲಿ, ಒಮ್ಮೆ ಫೆಬ್ರವರಿಯಲ್ಲಿ ಬೀಳುತ್ತದೆ. ಅದಕ್ಕೇ ಅಲ್ಲಿನ ಅಂಕಿ ಅಂಶ ಇಲಾಖೆ ಆ ಎರಡು ತಿಂಗಳ ಕೈಗಾರಿಕಾ ಉತ್ಪಾದನೆಯನ್ನು ಒಟ್ಟಿಗೆ ಸೇರಿಸಿ ಪ್ರಕಟಿಸುತ್ತದೆ. ನನಗೆ ಇದು ಪ್ರಾಮಾಣಿಕವಾದ ದಾರಿ ಅನ್ನಿಸುತ್ತದೆ. ಜರ್ಮನಿಯಲ್ಲಿ 2014ರ ಆಗಸ್ಟ್‌ನಲ್ಲಿ ಉತ್ಪಾದನೆ ಒಂದೇ ತಿಂಗಳಲ್ಲಿ ಶೇ 4ರಷ್ಟು ಬಿತ್ತು ಎಂಬ ಸುದ್ದಿ ಬಂದಾಗ ಎಲ್ಲರೂ ಬೆಚ್ಚಿದರು. ಆ ವರ್ಷ ಶಾಲಾ ರಜೆಗಳು ತಡವಾಗಿ ಬಂದಿದ್ದವು. ಬೇಸಿಗೆಯ ಬಿಡುವು ಆಗಸ್ಟ್‌ನಲ್ಲಿ ಜಾಸ್ತಿ ಬಿದ್ದಿತ್ತು, ಕಾರು ತಯಾರಿಕೆಗೆ ಅದರ ಪೆಟ್ಟು ಹೆಚ್ಚು ತಗುಲಿತ್ತು. ಆರ್ಥಿಕತೆಯಲ್ಲಿ ದುರ್ಬಲತೆ ಇರಲಿಲ್ಲ ಎಂದಲ್ಲ. ಆದರೆ ಆ 4ರಲ್ಲಿ ದೊಡ್ಡ ಪಾಲು ರಜೆ ಜರುಗಿದ್ದರದ್ದು.

ಗುಣಕ ಒಂದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2014ರ ಜೂನ್ 2 ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ಪಿಎಂಐ ಸಮೀಕ್ಷೆ ನಡೆಸುವ ಐಎಸ್‌ಎಂ ಸಂಸ್ಥೆ ಅವತ್ತು ಬೆಳಿಗ್ಗೆ ತಯಾರಿಕಾ ಪಿಎಂಐ 53.2 ಎಂದು ಪ್ರಕಟಿಸಿತು. ಆಮೇಲೆ 56.0 ಎಂದು ತಿದ್ದಿತು. ಮತ್ತೆ 55.4 ಎಂದಿತು. ಒಂದೇ ದಿನ ಮೂರು ಅಂಕಿ! ಹಿಂದಿನ ತಿಂಗಳ ಋತುಮಾನ ಗುಣಕವನ್ನು ಈ ತಿಂಗಳಿಗೆ ಬಳಸಿದ್ದೇ ಕಾರಣ. ಕಂಪನಿಗಳು ಕೊಟ್ಟ ಉತ್ತರಗಳಲ್ಲಿ ಒಂದೂ ಬದಲಾಗಿರಲಿಲ್ಲ. 53.2 ಕಂಡಾಗ 'ನಿಧಾನವಾಗುತ್ತಿದೆ' ಎಂದವರು, 55.4 ಕಂಡಾಗ 'ವೇಗ ಹೆಚ್ಚಿದೆ' ಎಂದರು. ಹಿಂದಿನ ತಿಂಗಳ ಅಂಕಿ ಈ ಎರಡರ ನಡುವೆ ಇದ್ದದ್ದರಿಂದ ಕಥೆಯೇ ತಿರುಗಿಬಿತ್ತು.

ಹೊಂದಾಣಿಕೆ ಮಾಡದೆ, ಸುಮ್ನೆ ಕಳೆದ ವರ್ಷದ ಇದೇ ತಿಂಗಳಿಗೆ ಹೋಲಿಸಿದರೆ ಆಗದಾ? ಹಲವು ದೇಶಗಳು ಹಾಗೇ ಮಾಡುತ್ತವೆ. ಸರಳ, ಆದರೆ ಅದರಲ್ಲೂ ಒಂದು ಗುಂಡಿ ಇದೆ. 2020ರ ಏಪ್ರಿಲ್‌ನಲ್ಲಿ ಭಾರತದ ಕೈಗಾರಿಕಾ ಉತ್ಪಾದನಾ ಸೂಚ್ಯಂಕ 54.0ಕ್ಕೆ ಬಿದ್ದಿತ್ತು. ಲಾಕ್‌ಡೌನ್‌ನಿಂದ ಕಾರ್ಖಾನೆಗಳು ಮುಚ್ಚಿದ್ದವು. 2021ರ ಏಪ್ರಿಲ್‌ನ ಮೊದಲ ಅಂದಾಜು 126.6. ಲೆಕ್ಕ ಹಾಕಿದರೆ ಶೇ 134 ಬೆಳವಣಿಗೆ! ಆದರೆ 2019ರ ಏಪ್ರಿಲ್‌ನಲ್ಲಿ ಅದು 126.5 ಇತ್ತು. ಅಂದರೆ ಎರಡು ವರ್ಷದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಬಿದ್ದವರು ಎದ್ದು ಮೊದಲಿದ್ದ ಜಾಗಕ್ಕೆ ಬಂದಿದ್ದರು ಅಷ್ಟೆ. ಹೋದ ವರ್ಷದ ಅಂಕಿ ವಿಚಿತ್ರವಾಗಿದ್ದರೆ ಈ ವರ್ಷದ ಶೇಕಡಾವಾರು ಕೂಡ ವಿಚಿತ್ರವಾಗುತ್ತದೆ. ಶೇಕಡಾ ನೋಡಿ ಗಾಬರಿಯಾದಾಗ ಅಥವಾ ಖುಷಿಯಾದಾಗ, ದಯವಿಟ್ಟು ಸೂಚ್ಯಂಕದ ಮಟ್ಟವನ್ನು ಒಮ್ಮೆ ನೋಡಿ. ಮಟ್ಟ ಮೋಸ ಮಾಡುವುದು ಕಡಿಮೆ.

ಪಿಎಂಐನಲ್ಲೂ ಇದೇ ಎಚ್ಚರ ಬೇಕು, ಬೇರೆ ರೀತಿಯಲ್ಲಿ. 50 ಎಂದರೆ 'ಹೋದ ತಿಂಗಳಿದ್ದ ಹಾಗೇ ಇದೆ' ಎಂದು ಅರ್ಥ. ಒಂದು ದೇಶದ ಉತ್ಪಾದನೆ ಒಂದು ತಿಂಗಳಲ್ಲಿ ಅರ್ಧಕ್ಕೆ ಬಿದ್ದು, ಮುಂದಿನ ತಿಂಗಳು ಅಲ್ಲೇ ನಿಂತರೆ ಪಿಎಂಐ 50 ತೋರಿಸುತ್ತದೆ. ನೋಡಿದವರು ಎಲ್ಲ ಸರಿಹೋಯಿತು ಎಂದುಕೊಳ್ಳುತ್ತಾರೆ. ಸರಿಹೋಗಿಲ್ಲ, ಹಳ್ಳದ ತಳದಲ್ಲಿ ನಿಂತಿದೆ. ಹಾಗೆಯೇ ಪಿಎಂಐ 58ರಿಂದ 54ಕ್ಕೆ ಬಂತು ಎಂದರೆ ಉತ್ಪಾದನೆ ಇಳಿಯಿತು ಎಂದಲ್ಲ. ಈಗಲೂ ಏರಿದವರೇ ಹೆಚ್ಚು, ಆದರೆ ಅವರ ಪ್ರಮಾಣ ಮೊದಲಿಗಿಂತ ಕಡಿಮೆ. 'ಪಿಎಂಐ ಕುಸಿತ' ಎಂಬ ತಲೆಬರಹ ಕಂಡಾಗಲೆಲ್ಲ 50ರ ಮೇಲೆ ಇದೆಯೋ ಕೆಳಗೆ ಇದೆಯೋ ಎಂದು ಮೊದಲು ನೋಡಿ.

ಪಿಎಂಐ ಪ್ರಶ್ನೆಗಳನ್ನು ಖರೀದಿ ವಿಭಾಗದವರಿಗೇ ಯಾಕೆ ಕೇಳುತ್ತಾರೆ ಎಂಬುದು ನಿಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆರ್ಡರ್ ಬಂದ ಕೂಡಲೇ ಕಚ್ಚಾ ಮಾಲು ತರಿಸಬೇಕು. ವಸ್ತು ತಯಾರಾಗುವುದು ಆಮೇಲೆ, ಲೆಕ್ಕಕ್ಕೆ ಬರುವುದು ಇನ್ನೂ ಆಮೇಲೆ. ಖರೀದಿ ಮಾಡುವವರ ಮೇಜಿಗೆ ಮುಂದಿನ ತಿಂಗಳುಗಳು ಮೊದಲೇ ಬಂದು ಕೂತಿರುತ್ತವೆ. ಅಮೆರಿಕದಲ್ಲಿ ಖರೀದಿ ಅಧಿಕಾರಿಗಳ ಸಂಘ 1931ರಲ್ಲೇ ಈ ಬಗೆಯ ತಿಂಗಳ ಸಮೀಕ್ಷೆ ಶುರು ಮಾಡಿತು. ಇವತ್ತಿನ ಐಎಸ್‌ಎಂ ಅದರ ಮುಂದುವರಿಕೆ. ಬೇರೆ ಬಹಳ ದೇಶಗಳಲ್ಲಿ ಎಸ್ ಅಂಡ್ ಪಿ ಗ್ಲೋಬಲ್ ಈ ಸಮೀಕ್ಷೆ ನಡೆಸುತ್ತದೆ.

ತಯಾರಿಕಾ ಪಿಎಂಐನ ಒಳಗೆ ಐದು ಅಂಕಿಗಳು ಅಡಗಿವೆ: ಹೊಸ ಆರ್ಡರ್, ಉತ್ಪಾದನೆ, ಉದ್ಯೋಗ, ಪೂರೈಕೆದಾರರು ಮಾಲು ತಲುಪಿಸುವ ಅವಧಿ, ಮತ್ತು ದಾಸ್ತಾನು. ಎಸ್ ಅಂಡ್ ಪಿ ಲೆಕ್ಕದಲ್ಲಿ ಇವುಗಳ ತೂಕ ಕ್ರಮವಾಗಿ 30, 25, 20, 15, 10. ಐಎಸ್‌ಎಂ ಐದಕ್ಕೂ ಸಮನಾದ ತೂಕ ಕೊಡುತ್ತದೆ. ಸೇವಾ ವಲಯದಲ್ಲಿ ಎಸ್ ಅಂಡ್ ಪಿಯ ಮುಖ್ಯ ಅಂಕಿ ಒಂದೇ ಪ್ರಶ್ನೆಯಿಂದ ಬರುತ್ತದೆ: ನಿಮ್ಮ ವ್ಯವಹಾರ ಹೋದ ತಿಂಗಳಿಗಿಂತ ಹೆಚ್ಚಾಯಿತೇ? ಸೇವೆಯಲ್ಲಿ ಟನ್ ಇಲ್ಲ, ಗೋದಾಮು ಇಲ್ಲ. ಹಾಗಾಗಿ ಅಲ್ಲಿ ತಿಂಗಳ ಅಳತೆಯೇ ಅಪರೂಪ, ಈ ಒಂದು ಪ್ರಶ್ನೆಗೆ ಅಷ್ಟು ಬೆಲೆ.

ಈ ಐದರಲ್ಲಿ ಪೂರೈಕೆ ಅವಧಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಮಾಮೂಲು ದಿನಗಳಲ್ಲಿ ಪೂರೈಕೆದಾರರು ತಡ ಮಾಡುತ್ತಿದ್ದಾರೆ ಎಂದರೆ ಅವರಿಗೆ ಕೈತುಂಬ ಆರ್ಡರ್ ಇದೆ ಎಂದರ್ಥ. ಆದ್ದರಿಂದ ತಡವಾದಷ್ಟೂ ಪಿಎಂಐ ಮೇಲೇರುವಂತೆ ಲೆಕ್ಕ ಕಟ್ಟಿದ್ದಾರೆ. 2020ರ ಏಪ್ರಿಲ್‌ನಲ್ಲಿ ಏನಾಯಿತು ನೋಡಿ. ಅಮೆರಿಕದಲ್ಲಿ ಹೊಸ ಆರ್ಡರ್ ಅಂಕಿ 27.1, ಉತ್ಪಾದನೆ 27.5, ಉದ್ಯೋಗ 27.5. ಎಲ್ಲ ಪಾತಾಳದಲ್ಲಿದ್ದವು. ಆದರೆ ಪೂರೈಕೆ ಅಂಕಿ 76.0. ಬೇಡಿಕೆ ಹೆಚ್ಚಿ ತಡವಾಗಿರಲಿಲ್ಲ, ಸಾಂಕ್ರಾಮಿಕದಿಂದ ಸಾಗಣೆ ಮತ್ತು ಕಾರ್ಖಾನೆಗಳು ನಿಂತು ತಡವಾಗಿತ್ತು. ಲೆಕ್ಕದ ಸೂತ್ರಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ. ಒಟ್ಟು ಪಿಎಂಐ 41.5 ಎಂದು ಬಂತು. ಅದನ್ನು ಮಾತ್ರ ನೋಡಿದವರಿಗೆ ಒಂದು ಸಾಧಾರಣ ಹಿಂಜರಿತ ಕಂಡಿತು. ಅದೇ ತಿಂಗಳು ಕೈಗಾರಿಕಾ ಉತ್ಪಾದನೆ ಶೇ 11.2 ಕುಸಿದಿದೆ ಎಂದು ಫೆಡರಲ್ ರಿಸರ್ವ್‌ನ ಮೊದಲ ಅಂದಾಜು ಹೇಳಿತು. ಆ ಸೂಚ್ಯಂಕದ 101 ವರ್ಷಗಳ ಇತಿಹಾಸದಲ್ಲೇ ಅತಿ ದೊಡ್ಡ ಕುಸಿತ ಅದು. ಒಟ್ಟು ಅಂಕಿಯನ್ನು ಬಿಟ್ಟು ಒಳಗಿನ ಅಂಕಿಗಳನ್ನು ನೋಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಕೈಗಾರಿಕಾ ಸೂಚ್ಯಂಕದ ಒಟ್ಟು ಅಂಕಿಯೂ ಇಂಥದ್ದನ್ನೇ ಮರೆಸಬಲ್ಲದು. 2021ರ ಫೆಬ್ರವರಿಯಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ಟೆಕ್ಸಸ್‌ನಲ್ಲಿ, ಭಾರೀ ಚಳಿ ಹೊಡೆಯಿತು. ತೈಲ ಸಂಸ್ಕರಣೆ, ರಾಸಾಯನಿಕ ಘಟಕಗಳು ನಿಂತವು. ಮೊದಲ ಅಂದಾಜಿನಲ್ಲಿ ತಯಾರಿಕೆ ಶೇ 3.1 ಇಳಿಯಿತು, ಗಣಿ ಶೇ 5.4 ಇಳಿಯಿತು. ಆದರೆ ಮನೆ ಬೆಚ್ಚಗಿಡಲು ಜನ ಜಾಸ್ತಿ ವಿದ್ಯುತ್, ಅನಿಲ ಬಳಸಿದ್ದರಿಂದ ಆ ವಿಭಾಗ ಶೇ 7.4 ಏರಿತು. ಒಟ್ಟು ಇಳಿಕೆ ಶೇ 2.2 ಎಂದು ಬಂತು. ಚಳಿಯೇ ಕಾರ್ಖಾನೆ ನಿಲ್ಲಿಸಿದ್ದು, ಚಳಿಯೇ ವಿದ್ಯುತ್ ಏರಿಸಿದ್ದು. ನಿಮಗೆ ಬೇಕಾದದ್ದು ಕಾರ್ಖಾನೆಗಳ ಸ್ಥಿತಿ ಆದರೆ ತಯಾರಿಕೆಯ ಸಾಲನ್ನೇ ನೋಡಬೇಕು, ಒಟ್ಟನ್ನಲ್ಲ.

ಇನ್ನು ನಿಮ್ಮ 0.6 ಯಾಕೆ 0.1 ಆಯಿತು? ಸದ್ದಿಲ್ಲದೆ ಅಂದಿರಿ. ಬೇಸರ ಅರ್ಥವಾಗುತ್ತದೆ. ಆದರೆ ಈ ತಿದ್ದುಪಡಿಗೆ ಪರಿಷ್ಕರಣೆ ಎನ್ನುತ್ತಾರೆ, ಅದು ಕದ್ದು ಮಾಡುವ ಕೆಲಸವಲ್ಲ. ಮೊದಲ ಅಂದಾಜು ಹೊರಡುವ ದಿನ ಎಲ್ಲ ಕಾರ್ಖಾನೆಗಳ ಲೆಕ್ಕ ಬಂದಿರುವುದಿಲ್ಲ. ಬಾರದೆ ಉಳಿದವುಗಳಿಗೆ ಅಂದಾಜು ಹಾಕಿ ಪ್ರಕಟಿಸುತ್ತಾರೆ. ಉಳಿದ ಲೆಕ್ಕ ಬಂದಂತೆ ಅಂಕಿ ಬದಲಾಗುತ್ತದೆ. ಹೊಸ ತಿಂಗಳ ಮಾಹಿತಿ ಸೇರಿದಾಗ ಋತುಮಾನ ಗುಣಕಗಳೂ ಸ್ವಲ್ಪ ಜರುಗುತ್ತವೆ. ಫೆಡರಲ್ ರಿಸರ್ವ್ ಪ್ರತಿ ತಿಂಗಳ ಅಂಕಿಯನ್ನು ಮುಂದಿನ ಐದು ತಿಂಗಳವರೆಗೆ ತಿದ್ದುತ್ತಾ ಹೋಗುತ್ತದೆ ಎಂದು ಮೊದಲೇ ಹೇಳಿರುತ್ತದೆ.

ಈ ಕೆಲಸದ ಹತ್ತಿರ ಇದ್ದ ಕಾಲದಲ್ಲಿ ನಾನೇ ನೋಡಿದ್ದೇನೆ. ಕಾರ್ಖಾನೆಯೊಂದರ ನಮೂನೆಯಲ್ಲಿ ಟನ್ ಬರೆಯುವ ಕಡೆ ಕಿಲೋ ಬರೆದಿದ್ದರು. ಉತ್ಪಾದನೆ ಒಂದೇ ತಿಂಗಳಲ್ಲಿ ಸಾವಿರ ಪಟ್ಟಾಗಿತ್ತು! ಅಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ, ಫೋನ್ ಮಾಡಿ ಸರಿಮಾಡಬಹುದು. ಎರಡು ಪಟ್ಟು, ಎರಡೂವರೆ ಪಟ್ಟಿನ ತಪ್ಪುಗಳೇ ಅಪಾಯ, ಯಾಕೆಂದರೆ ಅವು ನಿಜ ಇರಬಹುದು ಅನ್ನಿಸುತ್ತವೆ. 2012ರ ಜನವರಿಯ ಭಾರತದ ಕೈಗಾರಿಕಾ ಬೆಳವಣಿಗೆ ಮೊದಲು ಶೇ 6.8 ಎಂದು ಪ್ರಕಟವಾಗಿ, ಒಂದು ತಿಂಗಳ ಮೇಲೆ ಶೇ 1.1ಕ್ಕೆ ಇಳಿಯಿತು. ಸಕ್ಕರೆ ಉತ್ಪಾದನೆಯ ಅಂಕಿ ತಪ್ಪಾಗಿ, ಬಹಳ ಹೆಚ್ಚಾಗಿ ಸೇರಿಕೊಂಡಿತ್ತು. ನೂರಾರು ವಸ್ತುಗಳಲ್ಲಿ ಒಂದು ವಸ್ತು ಇಡೀ ದೇಶದ ಕಥೆ ಬದಲಿಸಿತು. ಆದರೆ ಅದನ್ನು ಒಪ್ಪಿಕೊಂಡು ತಿದ್ದಿದರಲ್ಲ, ಅದು ಮುಖ್ಯ. ಎಂದೂ ತಿದ್ದದ ಅಂಕಿಯನ್ನು ನೋಡಿದರೆ ನನಗೆ ಹೆಚ್ಚು ಅನುಮಾನ ಬರುತ್ತದೆ.

ಹಾಗಾದರೆ ಕಾದು ನೋಡಿದರೆ ಆಯಿತಲ್ಲ ಎನ್ನಬಹುದು. ಆದರೆ ನಿಮ್ಮ ಖರೀದಿ ಕಾಯುವುದಿಲ್ಲ. ತಯಾರಿಕಾ ಪಿಎಂಐ ಸಾಮಾನ್ಯವಾಗಿ ಮುಂದಿನ ತಿಂಗಳ ಮೊದಲ ಕೆಲಸದ ದಿನವೇ ಬರುತ್ತದೆ. ಕೆಲವು ದೇಶಗಳಿಗೆ ಅದೇ ತಿಂಗಳ 21, 22ನೇ ತಾರೀಕಿನ ಹೊತ್ತಿಗೆ 'ಫ್ಲ್ಯಾಶ್' ಅಂದಾಜು ಕೂಡ ಸಿಗುತ್ತದೆ. ಕೈಗಾರಿಕಾ ಸೂಚ್ಯಂಕ ಅಮೆರಿಕದಲ್ಲಿ ಸುಮಾರು ಎರಡು ವಾರ ಕಳೆದು, ಭಾರತದಲ್ಲಿ 2025ರ ಏಪ್ರಿಲ್‌ನಿಂದ 28ನೇ ತಾರೀಕಿಗೆ, ಯೂರೊ ವಲಯದಲ್ಲಿ ಸುಮಾರು ಆರು ವಾರಕ್ಕೆ ಬರುತ್ತದೆ. ಬೇಗ ಬರುವುದು ಒರಟು, ನಿಖರವಾದದ್ದು ತಡ. ಎರಡನ್ನೂ ಒಂದೇ ಅಂಕಿಯಿಂದ ನಿರೀಕ್ಷಿಸಬೇಡಿ.

ಈ ನಡುವಿನ ಜಾಗ ತುಂಬಲು ಜಾಣ ದಾರಿಗಳನ್ನೂ ಹುಡುಕಿದ್ದಾರೆ. ಜರ್ಮನಿಯಲ್ಲಿ ಹೆದ್ದಾರಿ ಸುಂಕಕ್ಕಾಗಿ ದಾಖಲಾಗುವ ಲಾರಿಗಳ ಓಡಾಟವನ್ನೇ ಒಂದು ಸೂಚ್ಯಂಕ ಮಾಡಿದ್ದಾರೆ. ಕಾರ್ಖಾನೆ ನಡೆದರೆ ಲಾರಿ ಓಡುತ್ತದೆ, ಲೆಕ್ಕ ಕೆಲವೇ ದಿನಗಳಲ್ಲಿ ಸಿಗುತ್ತದೆ. ಜಪಾನಿನ ಆರ್ಥಿಕ, ವ್ಯಾಪಾರ ಮತ್ತು ಕೈಗಾರಿಕಾ ಸಚಿವಾಲಯ ಉತ್ಪಾದನೆಯ ಜೊತೆಗೆ, ಮುಂದಿನ ಎರಡು ತಿಂಗಳು ಎಷ್ಟು ಮಾಡುವ ಯೋಜನೆ ಇದೆ ಎಂದೂ ಕಂಪನಿಗಳನ್ನು ಕೇಳಿ ಪ್ರಕಟಿಸುತ್ತದೆ. ಯೋಜನೆಗಳು ನಿಜಕ್ಕಿಂತ ಸ್ವಲ್ಪ ಉತ್ಸಾಹದಲ್ಲಿರುವುದು ಸಹಜ. ಅಷ್ಟು ರಿಯಾಯಿತಿ ಕೊಟ್ಟು ಓದಿದರೆ ಬಹಳ ಉಪಯುಕ್ತ.

ಈಗ ನಿಮ್ಮ ಖರೀದಿಗೆ ಬರುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಪಿಎಂಐನ ಹೊಸ ಆರ್ಡರ್ ಅಂಕಿಯನ್ನು ನೋಡುತ್ತೇನೆ. ಅದರ ಪಕ್ಕದಲ್ಲೇ ತಯಾರಾದ ಸರಕಿನ ದಾಸ್ತಾನು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುತ್ತೇನೆ. ಆರ್ಡರ್ ಏರಿ ದಾಸ್ತಾನು ಇಳಿದರೆ ಕಾರ್ಖಾನೆಗಳು ಮುಂದೆ ಹೆಚ್ಚು ಮಾಡಲೇಬೇಕು, ನಿಮ್ಮ ಬಿಡಿಭಾಗಕ್ಕೂ ಕರೆ ಬರುತ್ತದೆ. ಎರಡೂ ಏರುತ್ತಿದ್ದರೆ ಅವರು ಗೋದಾಮು ತುಂಬಿಸುತ್ತಿದ್ದಾರೆ. ಅಲ್ಲಿ ಸ್ವಲ್ಪ ತಡೆದು ನೋಡುವುದು ಒಳ್ಳೆಯದು.

ಆಮೇಲೆ ಕೈಗಾರಿಕಾ ಸೂಚ್ಯಂಕದ ಒಟ್ಟು ಅಂಕಿ ಬಿಟ್ಟು, ನೀವು ಮಾಲು ಕೊಡುವ ಉದ್ಯಮದ ಸಾಲಿಗೆ ಹೋಗುತ್ತೇನೆ. ನಿಮ್ಮ ಗ್ರಾಹಕರು ವಾಹನ ತಯಾರಕರಾದರೆ ವಾಹನದ ಸಾಲು, ಯಂತ್ರ ತಯಾರಕರಾದರೆ ಯಂತ್ರದ ಸಾಲು. ಒಂದು ತಿಂಗಳ ಏರಿಳಿತಕ್ಕೆ ಅಲುಗಾಡದೆ, ಕೊನೆಯ ಮೂರು ತಿಂಗಳ ಸರಾಸರಿಯನ್ನು ಅದರ ಹಿಂದಿನ ಮೂರು ತಿಂಗಳ ಸರಾಸರಿಗೆ ಹೋಲಿಸುತ್ತೇನೆ. ಪರಿಷ್ಕರಣೆ, ರಜೆ, ಒಂದು ಕಾರ್ಖಾನೆಯ ರಿಪೇರಿ, ಇಂಥ ಸಣ್ಣ ಗದ್ದಲ ಬಹುಪಾಲು ಅದರಲ್ಲಿ ಅಡಗಿಹೋಗುತ್ತದೆ. ನೀವು ಕೇಳಿದ 0.6 ಮತ್ತು 0.1ರ ನಡುವಿನ ವ್ಯತ್ಯಾಸ ಮೂರು ತಿಂಗಳ ಸರಾಸರಿಯಲ್ಲಿ 0.2ಕ್ಕಿಂತ ಕಡಿಮೆ. ಆ 0.6 ನೋಡಿ ಖರೀದಿ ನಿಲ್ಲಿಸಿದ್ದರೆ ನಷ್ಟ ನಿಮ್ಮದೇ ಆಗುತ್ತಿತ್ತು.

ಇನ್ನೊಂದು ಕೋರಿಕೆ. ನಿಮ್ಮ ಘಟಕಕ್ಕೆ ಯಾವತ್ತಾದರೂ ಉತ್ಪಾದನೆಯ ತಿಂಗಳ ನಮೂನೆ ಅಥವಾ ಸಮೀಕ್ಷೆಯ ಪ್ರಶ್ನಾವಳಿ ಬಂದರೆ, ಅದನ್ನು ಮೂಲೆಗೆ ಹಾಕಬೇಡಿ. ಟನ್ ಇದ್ದ ಕಡೆ ಟನ್ ಬರೆದು, ಹೇಳಿದ ತಾರೀಕಿನೊಳಗೆ ಕಳಿಸಿ. ಮೊದಲ ಅಂದಾಜಿನ ದಿನ ಕೈಗೆ ಬಾರದ ಲೆಕ್ಕಗಳಲ್ಲಿ ನಿಮ್ಮದೊಂದು ಕಡಿಮೆಯಾಗುತ್ತದೆ.